ಅಳಿಯನ ಸರ್ಟಿಫಿಕೇಟು, ನನ್ನ ಚುಕ್ಕಾಣಿ

ನಾನು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರೂ ಅವಮಾನ ನನ್ನ ವಿಳಾಸ ಹುಡುಕಿಕೊಂಡು ಬರುತ್ತೆ. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ನಲವತ್ತು ವರ್ಷ ಲಾಂಚು ನಡೆಸಿದವನು ನಾನು. ಒಮ್ಮೆ ಬಿರುಗಾಳಿಯಲ್ಲಿ ಮದುವೆ ದಿಬ್ಬಣ ದಾಟಿಸಿದೆ. ಮದುಮಗಳ ಮುಡಿಯ ಒಂದು ಎಸಳು ಮಲ್ಲಿಗೆಯೂ ನೆನೆಯಲಿಲ್ಲ. ಇಂಥವನಿಗೆ ಅಮೆರಿಕದ ಗೈದರ್ಸ್‌ಬರ್ಗಿನ ಮಗಳ ಮನೆಯವರಿಂದ ಸಿಕ್ಕಿದ ಮರ್ಯಾದೆ ಕೇಳಿ.

೧. ನಾಲ್ಕು ಶನಿವಾರದ ಕ್ಯಾಪ್ಟನ್

ಎರಡು ಸಾವಿರದ ನಾಲ್ಕರ ಚಳಿಗಾಲ. ಅಳಿಯನ ಅಪ್ಪ ಅಮ್ಮ ಮೈಸೂರಿಂದ ಬಂದಿದ್ದರು. ಎಲ್ಲರನ್ನೂ ಕೆರಿಬಿಯನ್ ದ್ವೀಪಗಳಿಗೆ ಕರೆದುಕೊಂಡು ಹೋದ ಅಳಿಯ, ಅಲ್ಲೊಂದು ಹಾಯಿ ದೋಣಿ ಬಾಡಿಗೆಗೆ ಹಿಡಿದ. ಅವರ ಮನೆ ಹತ್ತಿರದ ಅನಾಪೊಲಿಸ್‌ನಲ್ಲಿ ನಾಲ್ಕು ಶನಿವಾರ ದೋಣಿ ನಡೆಸುವ ಕ್ಲಾಸಿಗೆ ಹೋಗಿದ್ದನಂತೆ.

"ಮಾವ, ನೀವು ಸ್ಟೀರಿಂಗ್ ಟಚ್ ಮಾಡ್ಬೇಡಿ. ನಿಮ್ಮ ಹತ್ರ ಸರ್ಟಿಫಿಕೇಟ್ ಇಲ್ಲ."

"ಅಳಿಯಂದಿರೇ, ನಾನು ಶಾಲೆ ಮೆಟ್ಟಿಲೇ ಹತ್ತಿದವನಲ್ಲ. ಕಡಲು ಒಂದು ದಿನವೂ ನನ್ನ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ."

ಕಿವಿಗೇ ಹಾಕಿಕೊಳ್ಳಲಿಲ್ಲ. ದಡಕ್ಕೆ ಕಟ್ಟಿದ ಹಗ್ಗ ಬಿಚ್ಚದೆ ಇಂಜಿನ್ ಜೋರು ಮಾಡಿ ಹೊರಟ; ದೋಣಿ ಇದ್ದಲ್ಲೇ ಜಗ್ಗಾಡಿತು. ನಾನು ನೋಡಿದೆ, ಬಾಯಿ ಬಿಡಲಿಲ್ಲ. ಸರ್ಟಿಫಿಕೇಟ್ ಇಲ್ಲವಲ್ಲ!

೨. ನಿಂಬೆಹಣ್ಣು

ಮರುದಿನ ಬೆಳಿಗ್ಗೆ ಬೀಗಿತ್ತಿಗೆ ನೆನಪಾಯಿತು, ವಾಹನ ಪೂಜೆ ಆಗಿಲ್ಲ. "ಬೀಗರೇ, ಇದಕ್ಕೆ ಚಕ್ರ ಎಲ್ಲಿ? ನಿಂಬೆಹಣ್ಣು ಎಲ್ಲಿಡಲಿ?" ಚಕ್ರ ಸಿಗದೆ ನಾಲ್ಕು ಹಣ್ಣನ್ನು ನಾಲ್ಕು ದಿಕ್ಕಿಗೆ ನೀರಿಗೆಸೆದರು. ಪಕ್ಕದ ದೋಣಿಯ ಬಿಳಿಯನೊಬ್ಬ, ಪಾಪ, ಕೈ ಜಾರಿತು ಅಂದುಕೊಂಡು, ಹಾರಿ, ಈಜಿ, ನಾಲ್ಕನ್ನೂ ತಂದುಕೊಟ್ಟ. ಅವರು ಮತ್ತೆ ಎಸೆದರು. ಅವನು ಮತ್ತೆ ಹಾರಿದ. ಮೂರನೇ ಸಲ ಹಣ್ಣಿನ ಜೊತೆಗೆ ಒಂದು ಬುಟ್ಟಿಯನ್ನೂ ತಂದುಕೊಟ್ಟ!

೩. ಸೋಮಾರಿ ಕಡಲು

ಮೂರನೇ ದಿನ ಕ್ಯಾಪ್ಟನ್ ಸಾಹೇಬರಿಗೆ ವಾಂತಿ. ಏರಿಸಿದ ಹಾಯಿಯನ್ನು ಹಾಗೇ ಬಿಟ್ಟು ಒಳಗೆ ಮಲಗಿದ. "ಅಪ್ಪ, ಸ್ವಲ್ಪ ಹೊತ್ತು ಚುಕ್ಕಾಣಿ ಹಿಡ್ಕೋ" ಎಂದಳು ಮಗಳು. ಹಿಡಿದೆ ನೋಡಿ! ಬೀಗರಿಗೆ ಆಮೆ ತೋರಿಸೋಣ ಅಂತ ದಡದ ಹತ್ತಿರ ತಿರುಗಿಸಿದೆ. ದೋಣಿ ಮರಳ ಮೇಲೆ ಮೆತ್ತಗೆ ಕೂತಿತು.

"ಮಾವ, ಸ್ಟಕ್ ಆದ್ವಾ? ರೇಡಿಯೋದಲ್ಲಿ ಹೆಲ್ಪ್ ಕೇಳ್ತೀನಿ," ಎಂದು ಅಳಿಯ ಎದ್ದುಬಂದ.

"ರೇಡಿಯೋ ಮುಟ್ಟಿದರೆ ನೋಡು! ಉಬ್ಬರ ಬರಲಿ, ತಾನೇ ಎತ್ತುತ್ತೆ. ಹಾಯಿಯನ್ನೂ ಇಳಿಸಬೇಡ, ಆ ಕ್ಷಣವೇ ಹೊರಡಬೇಕು."

ಚಿತ್ರಾನ್ನ ತಿಂದು ಕಾದೆವು. ಬೀಗರು ಐದು ನಿಮಿಷಕ್ಕೊಮ್ಮೆ ವಾಚು ನೋಡಿ, "ನಿಮ್ಮ ಉಬ್ಬರ ಮನೆ ಬಿಟ್ಟಿದೆಯೋ ಇಲ್ಲವೋ?" ಎನ್ನುತ್ತಿದ್ದರು. ಐದು ಗಂಟೆ ಕಳೆದರೂ ಏರಿದ ನೀರು ನಾಲ್ಕು ಬೆರಳು! ನಮ್ಮೂರಲ್ಲಿ ಅಷ್ಟು ಹೊತ್ತಿಗೆ ಆಳೆತ್ತರ ಏರುತ್ತೆ. ಇಂಥ ಮೈಗಳ್ಳ ಸಮುದ್ರಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರಲ್ಲ!

ಕೊನೆಗೆ ನಾಲ್ವರೂ ಸೊಂಟದುದ್ದ ನೀರಿಗಿಳಿದು ತಳ್ಳಿದರು.

"ಅಪ್ಪ, ನೀನೂ ಇಳಿ."

"ಚುಕ್ಕಾಣಿ ಹಿಡಿದವನು ಇಳಿಯುವುದಿಲ್ಲ."

ದೋಣಿ ಜಾರಿತು. ಅದೇ ಹೊತ್ತಿಗೆ ಬೀಸಿದ ಗಾಳಿ ಹಾಯಿಗೆ ತುಂಬಿತು. ತಿರುಗಿ ನೋಡಿದರೆ ನಾಲ್ಕು ತಲೆ ಸಣ್ಣವಾಗುತ್ತಿವೆ. "ಮಾವಾ, ನಿಲ್ಸೀ!" ಅಂತ ಅಳಿಯ ಬೊಬ್ಬೆ ಹೊಡೆಯುತ್ತಿದ್ದಾನೆ.

ನಿಲ್ಲಿಸುವುದು ನನಗೆ ಗೊತ್ತಿಲ್ಲವೇ? ಇಂಜಿನ್ ಆರಿಸಿದರೆ ಲಾಂಚು ನಿಲ್ಲುತ್ತೆ. ಈ ಗಾಳಿಯನ್ನು ಆರಿಸುವ ಸ್ವಿಚ್ಚು ಎಲ್ಲಿದೆ ಅಂತ ಒಬ್ಬನಾದರೂ ನನಗೆ ತೋರಿಸಿದ್ದನೇ?