ಹನ್ನೆರಡನೆಯ ಪುಸ್ತಕದ ಗಂಡ

"ಈ ವರ್ಷ ಹನ್ನೆರಡು ಹೊಸ ಪುಸ್ತಕ! ಒಂದರ ಹಾಗೆ ಇನ್ನೊಂದಿಲ್ಲ! ಪತ್ತೇದಾರಿಯಿಂದ ಹಿಡಿದು ಆತ್ಮಕಥೆಯ ತನಕ ಹನ್ನೆರಡು ಬಗೆ! ಎಲ್ಲವನ್ನೂ ಓದಿ, ಅರಗಿಸಿಕೊಂಡು, ನವೆಂಬರಿನ ರಾಜ್ಯೋತ್ಸವಕ್ಕೆ ಇದೇ ವೇದಿಕೆಯಲ್ಲಿ ಪರಿಚಯ ಮಾಡಿಕೊಡುತ್ತೇನೆ. ಒಂದು ಕಡಿಮೆಯಾದರೂ ನನ್ನ ಸಾಹಿತ್ಯ ಕಾರ್ಯದರ್ಶಿ ಪಟ್ಟ ಈ ಧನಂಜಯನಿಗೆ!"

೨೦೦೫ರ ಸಂಕ್ರಾಂತಿಯ ದಿನ ವಿಜಯವಾಡದಲ್ಲಿ ಹೀಗೆ ಗುಡುಗಿದ ಗಂಡುಗಲಿ ನಾನೇ, ನಾರಾಯಣಸ್ವಾಮಿ. ವಿಶಾಖಪಟ್ಟಣದ ಬಂದರಿನ ಹತ್ತಿರ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಎರಡೂ ಊರಿನ ಕನ್ನಡಿಗರು ಸೇರಿ ಕಟ್ಟಿಕೊಂಡ ಕೂಟಕ್ಕೆ ಆರು ವರ್ಷದಿಂದ ಸಾಹಿತ್ಯ ಕಾರ್ಯದರ್ಶಿ. ಈ ಆರು ವರ್ಷಗಳಲ್ಲಿ ನಾನು ಎಷ್ಟು ಪುಸ್ತಕ ಓದಿದ್ದೆ ಎಂದು ಯಾರೂ ಕೇಳಿರಲಿಲ್ಲ. ಅವತ್ತು ಕೇಳಿದವನು ಧನಂಜಯ. ವಿಜಯವಾಡದ ಭವಾನಿಪುರಂನಲ್ಲಿ ಮನೆ, ನಮ್ಮಂತೆಯೇ ಬ್ಯಾಂಕಿನ ವರ್ಗಾವಣೆಯ ಗಿರಾಕಿ, ಧಾರವಾಡದವನು. ಊಟದ ಎಲೆಯ ಮುಂದೆ ಕೂತು ಎಲ್ಲರಿಗೂ ಕೇಳುವಂತೆ ಕೇಳಿಬಿಟ್ಟ.

"ಏನ್ರೀ ಸ್ವಾಮಿಗಳ, ನೀವು ಬ್ಯಾಂಕಿನ ಸರ್ಕ್ಯುಲರ್ ಬಿಟ್ಟು ಬ್ಯಾರೆ ಏನರ ಓದೀರೇನು?"

ಎಲೆ ಎಲೆಯ ಹಿಂದಿನಿಂದಲೂ ನಗು! ಸುಲೋಚನಮ್ಮನವರೂ ನಕ್ಕರು. ನಮ್ಮ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿರುವ ಈ ಹಿರಿಯರು ನನ್ನನ್ನು ಕಂಡರೆ ಕೈಮುಗಿಯುವವರು. ನಾಲ್ಕು ವರ್ಷದ ಹಿಂದೆ ಸಿಂಹಾಚಲದ ದೇವರಿಗೆ ಹರಕೆ ಹೊತ್ತು ನಾನು ಬರಿಗಾಲಲ್ಲಿ ನಡೆದು ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಂಥವರೇ ನಕ್ಕ ಮೇಲೆ ನಾನು ಗುಡುಗದೆ ಇನ್ನೇನು ಮಾಡಲಿ?

ಮನೆಗೆ ಬರುವ ರೈಲಿನಲ್ಲಿ ನನ್ನ ಹೆಂಡತಿ ಪ್ರಫುಲ್ಲಾ ಮೆಲ್ಲಗೆ ಬಾಯಿ ತೆಗೆದಳು.

"ಅಲ್ಲಾ ರೀ, ಹಾಲಿನ ಪ್ಯಾಕೆಟ್ ಮೇಲಿನ ತಾರೀಖು ಓದದೆ ಹಳೇದು ತರೋರು ನೀವು. ಹನ್ನೆರಡು ಪುಸ್ತಕ ಓದ್ತೀರಾ?"

"ನೋಡ್ತಾ ಇರು!" ಎಂದೆ.

ಬೆಂಗಳೂರಿಗೆ ಪತ್ರ ಹಾಕಿ ಪುಸ್ತಕ ತರಿಸಿದೆ. ಪತ್ತೇದಾರಿ, ಐತಿಹಾಸಿಕ, ದೆವ್ವದ್ದು, ವಿಜ್ಞಾನದ್ದು, ನಿವೃತ್ತ ಪೊಲೀಸರೊಬ್ಬರ ನೆನಪು, ನಾಟಕ ಕಂಪನಿಯ ನಟಿಯ ನೆನಪು, ಆನೆ ಪಳಗಿಸುವವನ ನೆನಪು, ಹೀಗೆ ಹನ್ನೊಂದು ಬಂದವು. ಹನ್ನೆರಡನೆಯದಾದ ಆತ್ಮಕಥೆ ಇನ್ನೂ ಅಚ್ಚಿನಲ್ಲಿದೆಯಂತೆ, ಆಮೇಲೆ ಕಳಿಸುತ್ತಾರಂತೆ. ಪುಸ್ತಕ ಬಂದ ದಿನವೇ ಪ್ರಫುಲ್ಲಾ ಕತ್ತರಿ ಹಿಡಿದು ಕೂತಳು. ಸಮುದ್ರದ ಗಾಳಿಗೆ ಪುಸ್ತಕ ಮೆತ್ತಗಾಗುತ್ತದೆಂದು ಎಲ್ಲಕ್ಕೂ ನಮ್ಮ ಬ್ಯಾಂಕಿನ ಹಳೇ ಕ್ಯಾಲೆಂಡರಿನ ಹಾಳೆಯಿಂದ ಬೈಂಡ್ ಹಾಕಿದಳು. ಹನ್ನೊಂದೂ ಒಂದೇ ತಾಯಿಯ ಮಕ್ಕಳಂತೆ ಕಪಾಟಿನಲ್ಲಿ ಸಾಲಾಗಿ ನಿಂತವು.

ಮೊದಲನೆಯ ಭಾನುವಾರ ಪತ್ತೇದಾರಿ ಹಿಡಿದೆ. ಒಂಬತ್ತನೆಯ ಪುಟದಲ್ಲಿ ಹೆಣ ಬಿತ್ತು. ಹತ್ತನೆಯ ಪುಟದಲ್ಲಿ ನಾನು ಬಿದ್ದೆ! ಎರಡನೆಯ ಭಾನುವಾರವೂ ಒಂಬತ್ತನೆಯ ಪುಟದಿಂದಲೇ ಶುರು, ಮತ್ತೆ ಅದೇ ಹೆಣ, ಮತ್ತೆ ಅದೇ ನಿದ್ದೆ. ಮೂರನೆಯ ಭಾನುವಾರದ ಹೊತ್ತಿಗೆ ಆ ಹೆಣದ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಪಾಪ, ಅದನ್ನು ಯಾರೂ ಎಬ್ಬಿಸುವುದಿಲ್ಲ. ನನ್ನನ್ನಾದರೆ ಕಾಯಿಪಲ್ಯ ತರಲು ಎಬ್ಬಿಸುತ್ತಾರೆ.

ಆಗ ಹೊಳೆಯಿತು ನೋಡಿ, ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿ ಕಲಿತ ಮಹಾವಿದ್ಯೆ! ಅಲ್ಲಿ ನಾನು ಯಾವ ಕಡತವನ್ನು ತಾನೇ ಓದಿದ್ದೇನೆ? ಕೆಳಗಿನವರು ಓದಿ, ಅರ್ಧ ಪುಟದ ನೋಟ್ ಹಾಕಿ ಮೇಜಿಗೆ ತರುತ್ತಾರೆ. ನಾನು 'ಓದಿದ್ದೇನೆ, ವಿವರಗಳು ಸರಿಯಾಗಿವೆ' ಎಂದು ಗೀಚಿ ಸಹಿ ಹಾಕುತ್ತೇನೆ. ಬ್ಯಾಂಕೇ ನಡೆಯುತ್ತಿರುವಾಗ ಸಾಹಿತ್ಯ ನಡೆಯುವುದಿಲ್ಲವೇ?

"ಪ್ರಫುಲ್ಲಾ, ಮಧ್ಯಾಹ್ನ ನಿನಗೆ ಪುರುಸೊತ್ತಿರುತ್ತೆ. ಪುಸ್ತಕ ನೀನು ಓದು. ರಾತ್ರಿ ಊಟಕ್ಕೆ ಕೂತಾಗ ಕಥೆ ಹೇಳು. ಒಂದು ಚೀಟಿಯಲ್ಲಿ ನೋಟ್ ಬರೆದು ಪುಸ್ತಕದ ಕೊನೇಲಿಡು, ನಾನು ಸಹಿ ಹಾಕ್ತೀನಿ."

"ಸಹಿ ಯಾಕೆ ರೀ?"

"ಅದಿಲ್ಲದೆ ಓದಿದ ಹಾಗೆ ಆಗೋದೇ ಇಲ್ಲ!"

ಅವಳು ಪತ್ತೇದಾರಿಯನ್ನು ಎತ್ತಿಕೊಂಡು ಹೋದಳು.

ಆಮೇಲಿನ ತಿಂಗಳುಗಳನ್ನು ಏನೆಂದು ಬಣ್ಣಿಸಲಿ! ತಟ್ಟೆಗೆ ಅನ್ನ ಬೀಳುವಾಗ ಕೊಲೆ, ಸಾರು ಬೀಳುವಾಗ ಪತ್ತೆ, ಮಜ್ಜಿಗೆಗೆ ಕೊಲೆಗಾರನ ಕೈಗೆ ಬೇಡಿ. ದೆವ್ವದ ಕಥೆಯ ವಾರ ಮಗಳು ಪ್ರತೀಕ್ಷಾ ಒಬ್ಬಳೇ ಬಚ್ಚಲಿಗೆ ಹೋಗಲಿಲ್ಲ. ಆನೆ ಪಳಗಿಸುವವನ ನೆನಪನ್ನು ಹೇಳುತ್ತ ಪ್ರಫುಲ್ಲಾ ಸಾರಿನ ಸೌಟು ಹಿಡಿದೇ ಅತ್ತಳು. ಒಂದೊಂದು ಪುಸ್ತಕಕ್ಕೂ ಅವಳ ದನಿಯೇ ಬೇರೆಯಾಗುತ್ತಿತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ ಕೇಳಿದಳು.

"ರೀ, ದೊಡ್ಡವರೇ ಬರೀಬೇಕು ಅಂತ ಏನಿಲ್ಲ ಅಲ್ವಾ? ನಮ್ಮಂಥೋರೂ ಬರೀಬಹುದು ಅನ್ಸುತ್ತೆ."

"ಬರೀಬಹುದು, ಬರೀಬಹುದು. ಉಪ್ಪಿನಕಾಯಿ ತಾ," ಎಂದೆ.

ಅಕ್ಟೋಬರ್ ಮುಗಿಯುತ್ತ ಬಂತು. ಹನ್ನೆರಡನೆಯ ಪುಸ್ತಕ ಬರಲಿಲ್ಲ! ಫೋನು ಮಾಡಿದರೆ ಇನ್ನೂ ಅಚ್ಚಿನಲ್ಲೇ ಇದೆಯಂತೆ. ಆರು ವರ್ಷದ ಪಟ್ಟ ಒಂದು ಪುಸ್ತಕಕ್ಕಾಗಿ ಧನಂಜಯನ ಪಾಲಾಗುವುದೇ? ನಾನು ತಲೆ ಮೇಲೆ ಕೈ ಹೊತ್ತು ಕೂತೆ.

"ಆತ್ಮಕಥೆ ತಾನೇ ಬೇಕಾಗಿರೋದು? ನನ್ನ ಹತ್ರ ಒಂದಿದೆ," ಎಂದಳು ಪ್ರಫುಲ್ಲಾ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ಒಬ್ಬಳು ಹೆಂಗಸಿನದು. ಹೆಸರಾದವಳೇನಲ್ಲ."

"ಹೆಸರು ಕಟ್ಟಿಕೊಂಡು ಏನಾಗಬೇಕು? ಹೊಸದು ತಾನೇ?"

"ತುಂಬಾ ಹೊಸದು."

ಅವತ್ತು ಟಿ.ವಿ.ಯಲ್ಲಿ ಕ್ರಿಕೆಟ್. ಒಂದು ಕಣ್ಣು ಅಲ್ಲಿ, ಒಂದು ಕಿವಿ ಇಲ್ಲಿ. ಆ ಹೆಂಗಸಿನ ಗಂಡನಿಗೆ ಊರೂರಿಗೆ ವರ್ಗ. ಒಮ್ಮೆ ಮನೆ ಸಾಮಾನಿಗೆಲ್ಲ ನಂಬರು ಹಾಕಿ, ಪಟ್ಟಿ ಮಾಡಿ, ಲಾರಿಗೆ ಹೇರಿಸಿ ಮೀಸೆ ತಿರುವಿದನಂತೆ. ರೈಲ್ವೆ ಸ್ಟೇಷನ್ನಿಗೆ ಬಂದು ನೋಡಿದರೆ ಟಿಕೆಟ್ಟುಗಳು ಏಳನೇ ನಂಬರಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಲಾರಿಯಲ್ಲಿ! ಇನ್ನೊಮ್ಮೆ ಸಮುದ್ರದ ದಂಡೆಯಲ್ಲಿ ಚಪ್ಪಲಿ ಪಕ್ಕಕ್ಕಿಟ್ಟು, ಅಲೆ ಯಾವಾಗ ಎಲ್ಲಿಯ ತನಕ ಬರುತ್ತದೆಂದು ಹೆಂಡತಿಗೆ ಪಾಠ ಹೇಳುತ್ತ ನಿಂತನಂತೆ. ಪಾಠ ಮುಗಿಯುವ ಮೊದಲೇ ಅಲೆ ಬಂದು ಚಪ್ಪಲಿ ಹೊತ್ತುಕೊಂಡು ಹೋಯಿತಂತೆ! ಬರಿಗಾಲಲ್ಲಿ ಬರುವಾಗ ಪರಿಚಯದವರು ಎದುರಾದರೆ, "ಹರಕೆ!" ಎಂದು ಕೈಮುಗಿದನಂತೆ.

ನಾನು ಬಿದ್ದು ಬಿದ್ದು ನಕ್ಕೆ. ನಗುವಿನ ನಡುವೆ ಒಂದು ವಿಕೆಟ್ಟು ಹೋದದ್ದೂ ತಿಳಿಯಲಿಲ್ಲ.

"ಎಂಥ ಗಂಡನೇ ಅವನು! ಅವನ ಜೊತೆ ಹೇಗೆ ಬಾಳಿದಳು ಆ ಮಹಾತಾಯಿ?"

"ಅಭ್ಯಾಸ ಆಗಿಹೋಗುತ್ತೆ ರೀ."

"ಪಾಪಂ ಅಮ್ಮಾ ಆ ಆಂಟಿ!" ಎಂದು ಪ್ರತೀಕ್ಷಾ ತಟ್ಟೆಯ ಮೇಲೆ ಬಗ್ಗಿ ಕಿಸಕಿಸ ನಕ್ಕಳು. ಹತ್ತು ವರ್ಷದ ಹುಡುಗಿಗೇ ಅರ್ಥವಾಗಿದ್ದು ನನಗೆ ಆಗಲಿಲ್ಲ!

ಈ ಸಲ ಪ್ರಫುಲ್ಲಾ ಚೀಟಿ ಇಡಲಿಲ್ಲ. ಕ್ಯಾಲೆಂಡರ್ ಬೈಂಡಿನ ಪುಸ್ತಕದ ಕೊನೆಯ ಪುಟವನ್ನೇ ನನ್ನ ಮುಂದೆ ಬಿಡಿಸಿ ಹಿಡಿದಳು.

"ಇದೊಂದನ್ನಾದ್ರೂ ಓದಿ ಸಹಿ ಹಾಕಿ ರೀ."

"ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ!" ಎಂದು ಟಿ.ವಿ.ಯಿಂದ ಕಣ್ಣು ಕೀಳದೆ ಗೀಚಿ ಕೊಟ್ಟೆ.

ರಾಜ್ಯೋತ್ಸವಕ್ಕೆ ಹೊರಟ ರೈಲಿನಲ್ಲಿ ಅವಳು ತುನಿಯ ಹತ್ತಿರ ಒಂದು ಸಲ, ರಾಜಮಂಡ್ರಿಯ ಸೇತುವೆಯ ಮೇಲೆ ಒಂದು ಸಲ ಹೇಳಿದಳು: "ಹನ್ನೊಂದು ಸಾಕು ರೀ. ಹನ್ನೆರಡನೇದು ಬೇಡ."

"ಹುಚ್ಚಿ! ಎಲ್ಲದಕ್ಕಿಂತ ಚೆನ್ನಾಗಿರೋದು ಅದೇ!"

"ನಿಜವಾಗ್ಲೂ ಚೆನ್ನಾಗಿದ್ಯಾ?"

"ಆಣೆಗೂ!"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಏಲೂರು ಬರುವ ತನಕ ಒಬ್ಬಳೇ ಮುಗುಳುನಗುತ್ತಿದ್ದಳು. ಸ್ಟೇಷನ್ನಿನಲ್ಲಿ ಮಾರುವ ಸೀಬೆ ಹಣ್ಣಿನ ಆಸೆ ಇರಬೇಕೆಂದುಕೊಂಡೆ.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಸಭಾಂಗಣ. ನೂರು ಜನ. ವೇದಿಕೆಯ ಮೇಲೆ ನಾನು, ಮೇಜಿನ ಮೇಲೆ ಹನ್ನೆರಡು ಕ್ಯಾಲೆಂಡರ್ ಬೈಂಡುಗಳು. ಪತ್ತೇದಾರಿ ಹೇಳಿದೆ, ಉಸಿರು ಬಿಗಿಹಿಡಿದರು. ಆನೆ ಹೇಳಿದೆ, ಸುಲೋಚನಮ್ಮ ಕಣ್ಣೊರಸಿಕೊಂಡರು. ಧನಂಜಯನ ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತು. ಕೊನೆಗೆ ಹನ್ನೆರಡನೆಯದನ್ನು ಎತ್ತಿಕೊಂಡೆ.

"ಮಹನೀಯರೇ, ಇಂಥ ಮೂರ್ಖ ಗಂಡ ನಮ್ಮ ಸಾಹಿತ್ಯದಲ್ಲಿ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ!"

ಟಿಕೆಟ್ಟು ಲಾರಿ ಹತ್ತಿದ್ದು ಹೇಳಿದೆ. ಸಭೆ ಬಿದ್ದು ನಕ್ಕಿತು. ಕೆಲವರು ನನ್ನತ್ತ ಬೆರಳು ಮಾಡಿ ನಕ್ಕರು. ನನ್ನ ವಾಗ್ವೈಖರಿಗೆ ಮಾರುಹೋದರೆಂದು ಇನ್ನಷ್ಟು ಉಬ್ಬಿದೆ. ಚಪ್ಪಲಿಯ ಪ್ರಸಂಗವನ್ನು ಕೈಮುಗಿದು, ಕಾಲೆಳೆದು ಅಭಿನಯಿಸಿಯೇ ತೋರಿಸಿದೆ. "ಹರಕೆ!" ಎಂದದ್ದೇ ತಡ, ಸುಲೋಚನಮ್ಮ ಎದ್ದು ನಿಂತರು.

"ಸ್ವಾಮಿಯವರೇ, ಹಾಗಾದ್ರೆ ಅವತ್ತು ನೀವು ಸಿಂಹಾಚಲದಿಂದ ಬರ್ತಾ ಇರಲಿಲ್ವಾ?"

ನನ್ನ ಕೈ ಮುಗಿದಲ್ಲೇ ನಿಂತಿತು. ಅಯ್ಯೋ ದೇವರೇ! ಆ ಹರಕೆಯ ಕಥೆಯನ್ನು ನಾಲ್ಕು ವರ್ಷ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಟಿಕೆಟ್ಟಿನ ತಪ್ಪನ್ನೂ ಹಮಾಲಿಯ ತಲೆಗೆ ಕಟ್ಟಿ ಎಂದೋ ಮರೆತಿದ್ದೆ. ಹೆಂಗಸರ ಸಾಲಿನಲ್ಲಿ ಪ್ರಫುಲ್ಲಾ ತಲೆ ತಗ್ಗಿಸಿ ಕೂತಿದ್ದಳು.

"ಆ ಪುಸ್ತಕ ಇಲ್ಲಿ ಕೊಡ್ರಿ, ನೋಡೂಣು," ಎಂದು ಧನಂಜಯ ಬಂದು ಕಿತ್ತುಕೊಂಡ. ಬೈಂಡ್ ಬಿಚ್ಚಿದ. ಒಳಗೆ ನಮ್ಮ ಬ್ಯಾಂಕಿನ ಹಳೇ ಡೈರಿ! ಮೊದಲ ಪುಟದಿಂದ ಕೊನೆಯ ತನಕ ಮುದ್ದಾದ ಕೈಬರಹ. ಗಟ್ಟಿಯಾಗಿ ಓದಿದ: "ನನ್ನ ಕಥೆ. ಬರೆದವಳು ಪ್ರಫುಲ್ಲಾ ನಾರಾಯಣಸ್ವಾಮಿ."

ಚಪ್ಪಾಳೆಯೋ ಚಪ್ಪಾಳೆ! ಮುಳುಗುವವನಿಗೆ ಹುಲ್ಲುಕಡ್ಡಿಯಾದರೂ ಬೇಕಲ್ಲ, ಕೂಗಿದೆ.

"ಕಟ್ಟುಕಥೆ! ಇದು ಶುದ್ಧ ಕಾದಂಬರಿ! ಆ ಗಂಡ ಬರೀ ಕಲ್ಪನೆ!"

ಧನಂಜಯ ನಿಧಾನವಾಗಿ ಕೊನೆಯ ಪುಟ ತಿರುವಿದ. ಅವನ ಮುಖದ ಮೇಲೆ ಅಂಥ ಆನಂದವನ್ನು ಅವನಿಗೆ ಬಡ್ತಿ ಬಂದ ದಿನವೂ ನಾನು ಕಂಡಿರಲಿಲ್ಲ.

"ಇಲ್ಲಿ ಕೆಳಗ ಏನೋ ಬರದೈತಿ ನೋಡ್ರಿ. 'ಓದಿದ್ದೇನೆ, ವಿವರಗಳು ಸರಿಯಾಗಿವೆ.' ಸಹಿ, ನಾರಾಯಣಸ್ವಾಮಿ. ತಾರೀಖೂ ಐತ್ರಿ!"

ಆಮೇಲಿನದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಹನ್ನೆರಡು ಪುಸ್ತಕಗಳೇನೋ ಆದವು, ಆದರೆ ಓದಿದವರು ಯಾರು ಎಂಬ ಪ್ರಶ್ನೆ ಎದ್ದಿತು. ಪ್ರಫುಲ್ಲಾಳನ್ನು ಎಬ್ಬಿಸಿ ಕೇಳಿದರು. ಹನ್ನೊಂದರ ಕಥೆಯನ್ನೂ ನನಗಿಂತ ಸೊಗಸಾಗಿ ಹೇಳಿದಳು. ಸಾಹಿತ್ಯ ಕಾರ್ಯದರ್ಶಿಯ ಪಟ್ಟ ಧನಂಜಯನಿಗೆ ಹೋಗಲಿಲ್ಲ, ಪ್ರಫುಲ್ಲಾಳ ಪಾಲಾಗಿ ನಮ್ಮ ಮನೆಯಲ್ಲೇ ಉಳಿಯಿತು. ಡೈರಿಯನ್ನು ಕೂಟದಿಂದಲೇ ಅಚ್ಚು ಹಾಕಿಸುವುದೆಂದೂ ತೀರ್ಮಾನವಾಯಿತು. ಜೋರಾಗಿ ಚಪ್ಪಾಳೆ ತಟ್ಟಿದವನು ಧನಂಜಯ. ಎರಡನೆಯವನು, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ನಾನು. ಬರಹ ನಿಜಕ್ಕೂ ಚೆನ್ನಾಗಿತ್ತು ಕಣ್ರೀ!

ಮರಳುವ ರೈಲಿನಲ್ಲಿ ಅವಳ ಮಡಿಲಲ್ಲಿ ಹೂವಿನ ಹಾರ, ನನ್ನ ಮಡಿಲಲ್ಲಿ ಹನ್ನೊಂದು ಪುಸ್ತಕದ ಚೀಲ. ಏಲೂರು ದಾಟಿದ ಮೇಲೆ ತಡೆಯಲಾಗಲಿಲ್ಲ.

"ಅಚ್ಚು ಹಾಕಿಸುವಾಗ ಮೇಲೆ 'ಕಾದಂಬರಿ' ಅಂತ ಹಾಕಿಸಬಾರದಾ? ನನ್ನ ಮಾನ ಒಂಚೂರಾದರೂ ಉಳಿಯುತ್ತಲ್ಲ!"

ಪ್ರಫುಲ್ಲಾ ಹಾರದ ಒಂದು ಹೂ ಕಿತ್ತು ಮುಡಿಗೆ ಸಿಕ್ಕಿಸಿಕೊಂಡಳು.

"ಆಗಲ್ಲ ರೀ. ಕಾದಂಬರಿ ಆಗಿದ್ರೆ ಕೊನೇ ಅಧ್ಯಾಯದಲ್ಲಾದ್ರೂ ಗಂಡನಿಗೆ ಬುದ್ಧಿ ಬರ್ತಿತ್ತು!"