ಬಾರ್ಲಿ ಒಡೆಯೋ ಮಿಷನ್ನೂ ಬೀದಿಯವರ ಅನುಮಾನವೂ

ಮನೆಯಲ್ಲಿ ಸ್ಪ್ಯಾನರ್ ಹಿಡಿದು ಕೂತ ಗಂಡಸನ್ನು ಕಂಡರೆ ಜನಕ್ಕೆ ಅದೇನೋ ಅನುಮಾನ. ನನ್ನ ವಿಷಯದಲ್ಲಂತೂ ಅದು ಒಮ್ಮೆಯೂ ತಪ್ಪಿದ್ದಿಲ್ಲ. ಐವತ್ತರ ದಶಕ, ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮನೆ ರಾಜಾಜಿನಗರದಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ನೋಡೋಕೆ ಬೇರೇನೂ ಇಲ್ಲದೆ ಎಲ್ಲರ ಕಣ್ಣೂ ಪಕ್ಕದ ಮನೆ ಮೇಲೆ.

ಒಂದು ದಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ನಮ್ಮ ಫೋರ್‌ಮನ್ ನನ್ನನ್ನು ಮೂಲೆಗೆ ಕರೆದರು. "ಮನೇಲೇ ಬೀರ್ ಮಾಡ್ಬೇಕು, ಮ್ಯಾನ್. ಬಾರ್ಲಿ ಒಡೆಯೋಕೆ ಒಂದು ಮೋಟಾರ್ ಮಿಷನ್ ಕಟ್ಟು. ಹಿಟ್ಟಾಗ್ಬಾರ್ದು, ಬರೀ ಬಿರುಕು ಬಿಡ್ಬೇಕು." ಲೈಸೆನ್ಸಿಲ್ಲದ ಬೀರು, ಸಿಕ್ಕಿಬಿದ್ದರೆ ನೌಕರಿ ಹೋಗಿ ಜೈಲು. ಆದರೆ ಫೋರ್‌ಮನ್ನಿಗೆ ಆಗಲ್ಲ ಅನ್ನೋ ಧೈರ್ಯ ಯಾರಿಗಿತ್ತು? ಮಿಷನ್ ಕಟ್ಟೋ ಆಸೆ ಬೇರೆ.

ಎರಡು ಲಟ್ಟಣಿಗೆ

ಕಾಳು ಒಡೆಯೋಕೆ ಒಂದೇ ಅಳತೆಯ ಎರಡು ಉಕ್ಕಿನ ಉರುಳೆ ಬೇಕು. ಕಾರ್ಖಾನೆಯ ಲೇತಿನಲ್ಲಿ ನುಣ್ಣಗೆ ಕಡೆದು, ಟವಲಿನಲ್ಲಿ ಸುತ್ತಿ, ಮಂಚದ ಕೆಳಗೆ ಬಚ್ಚಿಟ್ಟೆ. ಕಸ ಗುಡಿಸುವಾಗ ಹೆಂಡತಿಗೆ ಸಿಕ್ಕಿತು.

"ಇದೇನ್ರೀ?"

"ಏನೋ... ಕಬ್ಬಿಣ."

"ಲಟ್ಟಣಿಗೆ ಅಂತ ಗೊತ್ತಾಗಲ್ವಾ ನಂಗೆ? ಒಂದು ನನಗೆ. ಇನ್ನೊಂದು ಯಾವ ಮನೆಗೆ?"

ಅವಳ ಕಣ್ಣಲ್ಲಿ ನೀರು. ಹೆದರಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ: ಬೀರು, ಫೋರ್‌ಮನ್ನು, ಜೈಲು, ಎಲ್ಲಾ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರೀ ಜೈಲಾ? ಮೊದಲೇ ಹೇಳ್ಬಾರ್ದಿತ್ತಾ!" ಅಂತ ಕಾಫಿಗೆ ನೀರಿಟ್ಟಳು.

ಕರೆಂಟಿನ ಕಾವಲು

ಗುಜರಿಯಲ್ಲಿ ಸಿಕ್ಕ ಹಳೇ ಮೋಟಾರಿಗೆ ಬೆಲ್ಟು ಹಾಕಿ ಸಂಜೆ ಹೊತ್ತು ಓಡಿಸಿ ನೋಡ್ತಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ನಮ್ಮ ಮೋಟಾರು ಗುರ್ ಅಂದಾಗಲೆಲ್ಲ ಅವರ ಬಲ್ಬು ಮಂಕಾಗುತ್ತಿತ್ತು. ಕಾಂಪೌಂಡಿನ ಮೇಲೆ ತಲೆ ಕಾಣಿಸಿತು.

"ನಮ್ಮನೆ ಕರೆಂಟು ಎಳ್ಕೊಳ್ತಾ ಇದೀರಾ?"

"ಹಾಗೆಲ್ಲ ಎಳೆಯೋಕಾಗಲ್ಲ ಸಾರ್. ಲೈನು ವೀಕು, ಅಷ್ಟೇ."

"ನಂಗೆ ಪಾಠ ಹೇಳ್ಬೇಡಿ" ಅಂತ ತಲೆ ಇಳಿಯಿತು.

ಮರುದಿನ ಸಂಜೆ ಅವರ ಮನೆಯಲ್ಲಿ ದೀಪವೇ ಇಲ್ಲ. ಏನಾಯಿತೋ ಅಂತ ಗಾಬರಿಯಾಗಿ ಓಡಿದೆ. ಮೇಷ್ಟ್ರು ಕತ್ತಲೆಯಲ್ಲಿ, ಸ್ವಿಚ್ ಆರಿಸಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಈಗ ಎಳ್ಕೊಳ್ಳಿ, ನೋಡೋಣ!"

ಗಿರಣಿಯವರ ಪರೀಕ್ಷೆ

ಸದ್ದು ಹಿಟ್ಟಿನ ಗಿರಣಿಯವರ ಕಿವಿಗೂ ಬಿತ್ತು. ಅವರ ವ್ಯಾಪಾರಕ್ಕೆ ನಾನು ಕಲ್ಲು ಹಾಕ್ತಿದೀನಿ ಅಂತ ಅನುಮಾನ. ಒಂದು ಭಾನುವಾರ, ಮೈಮೇಲಿನ ಹಿಟ್ಟು ಕೂಡ ಒರೆಸಿಕೊಳ್ಳದೆ, ರಾಗಿ ಚೀಲ ಹೊತ್ತು ಬಂದರು.

"ನಾನು ಈ ಕಡೆಗೆ ಹೊಸಬ. ಇಲ್ಲಿ ಮಿಷನ್ ಇದೆಯಂತಲ್ಲ, ಬೀಸಿಕೊಡಿ."

ಬೇಡ ಅಂದರೆ ಗುಟ್ಟೇನು ಅಂತ ಕೇಳ್ತಾರೆ. ಮಿಷನ್ ಹಾಕಿ ರಾಗಿ ಸುರಿದೆ. ಉರುಳೆಗಳ ನಡುವಿನ ಸಂದು ಬಾರ್ಲಿ ಕಾಳಿನ ಅಳತೆಯದು. ರಾಗಿ ಸರ್ರನೆ ಇಳಿದು, ಹೋದದ್ದು ಹೋದ ಹಾಗೇ ಕೆಳಗೆ ಬಿತ್ತು. ಅವರು ಒಂದು ಹಿಡಿ ಎತ್ತಿ ನೋಡಿದರು, ಇನ್ನೊಂದು ಹಿಡಿ ನೋಡಿದರು. ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡರು.

"ಸಾರ್, ನೀವು ಖಂಡಿತ ಗಿರಣಿ ಇಡ್ಬೇಕು. ನಮ್ಮ ಎದುರಿಗೇ ಇಡಿ!"

ಅತ್ತೆಯ ಕಾಯಿಲೆ

ಮಿಷನ್ ಸರಿಹೋಯಿತು. ಫೋರ್‌ಮನ್ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಒಂದು ಮೂಟೆ ಕಳಿಸಿದರು. ಅಷ್ಟೂ ಒಡೆದು ಮುಗಿಸಿದ್ದೆ, ಅಬಕಾರಿ ಇನ್‌ಸ್ಪೆಕ್ಟರು ಬಾಗಿಲಲ್ಲಿ! ಯಾರೋ ಮೂಗರ್ಜಿ ಹಾಕಿದ್ದರು.

"ಇದೇನ್ರೀ, ಇಷ್ಟೊಂದು ಬಾರ್ಲಿ?"

"ನಮ್ಮತ್ತೆಗೆ ಉರಿಮೂತ್ರ ಸಾರ್. ಕಾಯಿಸಿ ನೀರು ಕೊಡ್ತೀವಿ."

ಅತ್ತೆ ಹಿಂದಿನ ದಿನ ಕೆಂಗೇರಿಯಿಂದ ಬಂದು ಪಡಸಾಲೆಯಲ್ಲಿ ಹೂಬತ್ತಿ ಹೊಸೀತಾ ಕೂತಿದ್ದರು. ಇನ್‌ಸ್ಪೆಕ್ಟರು ಅವರನ್ನೇ ಕೇಳಿದರು.

"ಯಾರಿಗಪ್ಪಾ ರೋಗ?" ಅತ್ತೆ ಎದ್ದು ನಿಂತರು. "ಕೆಂಗೇರಿಯಿಂದ ನಡ್ಕೊಂಡೇ ಬಂದವಳು ನಾನು!"

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ಹೆಂಡತಿ ಮುಂದೆ ಬಂದು, "ಅಮ್ಮನಿಗೆ ತಿಳಿಸಿಲ್ಲ ಸಾರ್. ಡಾಕ್ಟ್ರು ಹೇಳ್ಬೇಡಿ ಅಂದಿದಾರೆ" ಅಂತ ಪಿಸುಗುಟ್ಟಿದಳು. ಅತ್ತೆಯ ಕಿವಿ ಬಲು ಚುರುಕು. "ಅಯ್ಯೋ, ನಂಗೇನಾಗಿದೆ, ನಿಜ ಹೇಳ್ರೋ!" ಅಂತ ಅಲ್ಲೇ ಮಲಗಿಬಿಟ್ಟರು. ಇನ್‌ಸ್ಪೆಕ್ಟರು ಟೋಪಿ ತೆಗೆದು ಪಕ್ಕದಲ್ಲಿ ಕೂತು, "ಹೆದರ್ಬೇಡಿ ಅಮ್ಮ, ಬಾರ್ಲಿ ನೀರು ತಪ್ಪದೆ ಕುಡೀರಿ" ಅಂತ ಸಮಾಧಾನ ಮಾಡಿ ಹೊರಟುಹೋದರು.

ಅತ್ತೆ ಅದನ್ನು ಸರ್ಕಾರದ ಆಜ್ಞೆ ಅಂತಲೇ ತಿಳಿದರು. ಮೊಳಕೆಯ ಬಾರ್ಲಿ ಸಿಹಿ ಬೇರೆ. ಮೂಟೆ ಖಾಲಿಯಾಗೋವರೆಗೂ ಕೆಂಗೇರಿಗೆ ಹೊರಡಲೇ ಇಲ್ಲ. ಆಮೇಲೆ ಫೋರ್‌ಮನ್ ಕರೆದರು.

"ಎಲ್ಲಿ ನನ್ನ ಬಾರ್ಲಿ?"

"ಎಲ್ಲಾ ನಮ್ಮತ್ತೆ ಕುಡಿದುಬಿಟ್ರು ಸಾರ್."

"ಪೂರಾ ಮೂಟೆ? ಒಬ್ರೇ?"

"ಬೆಳಿಗ್ಗೆ ಒಂದು ಚೊಂಬು, ಸಾಯಂಕಾಲ ಒಂದು ಚೊಂಬು."

"ಕುಡಿದ್ಮೇಲೆ?"

"ದೇವರ ನಾಮ ಹಾಡ್ತಾರೆ ಸಾರ್."

ಫೋರ್‌ಮನ್ ಎದ್ದು ಹೋಗಿ ಬಾಗಿಲು ಮುಚ್ಚಿದರು. ನನ್ನ ನೌಕರಿ ಹೋಯಿತು ಅಂದುಕೊಂಡೆ. ಅವರು ಕುರ್ಚಿ ಎಳೆದು ಹತ್ತಿರ ಬಂದು ಮೆಲ್ಲಗೆ ಅಂದರು:

"ಮ್ಯಾನ್, ಅವ್ರು ಅದನ್ನ ಹೇಗೆ ಮಾಡ್ತಾರೆ ಅಂತ ಸ್ವಲ್ಪ ಕೇಳಿ ಬರ್ತೀಯಾ?"