ಸಮುದ್ರ ಯಾರ ಕಡೆಗೆ?

ಡ್ರೈವಿಂಗ್ ಸ್ಕೂಲು ಮುಚ್ಚಿದ ಮೇಲೆ ಮೇಷ್ಟ್ರಿಗೆ ಬೈಯಲು ಒಬ್ಬರೂ ಸಿಗದೆ ಬಾಯಿ ಕಟ್ಟಿಹಾಕಿದಂತಾಗಿತ್ತು. ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು ಕಲಿಸಿದ ಮನುಷ್ಯ. ಈಗ ಪೇಪರು ಓದುವುದು, ಓದಿದ್ದನ್ನೇ ಇನ್ನೊಮ್ಮೆ ಓದುವುದು, ಅಡುಗೆಮನೆಯಲ್ಲಿ ಹೆಂಡತಿ ಸ್ಟವ್ ಮುಂದಿನಿಂದ ಸಿಂಕಿನ ಕಡೆ ಸರಿದರೆ "ಹಿಂದೆ ನೋಡ್ಕೊಂಡು ತಿರುಗು" ಎನ್ನುವುದು. ಇಷ್ಟೇ ಉದ್ಯೋಗ. ಹೀಗೆ ಕೂತು ಕೂತು ಬೇಸತ್ತಿದ್ದಾಗ ಒಂದು ಬೆಳಿಗ್ಗೆ ಅವರಿಗೆ ಆ ಮಹಾಯಾತ್ರೆ ನೆನಪಾಯಿತು.

ಮದುವೆಯಾದ ಹೊಸತು. ಯಾರದೋ ಹಳೆಯ ಕಾರು ಕಡ ತಂದು ಇಬ್ಬರೂ ಹೊರಟಿದ್ದರು. ಹೋಗುವಾಗ ಕಡಲಂಚಿನ ರಸ್ತೆ, ನಡುವೆ ದ್ರಾಕ್ಷಿ ಸೀಮೆಯಲ್ಲಿ ವೈನ್ ತಯಾರಿಸುವ ಒಂದು ತೋಟದ ಮನೆಯಲ್ಲಿ ವಸತಿ, ಬರುವಾಗ ಕಾಡಿನ ದಾರಿ. (ಹೋದ ದಾರಿಯಲ್ಲೇ ಹಿಂದಿರುಗುವುದು ಸೋಮಾರಿಗಳ ಲಕ್ಷಣ ಎಂಬುದು ಮೇಷ್ಟ್ರ ಸಿದ್ಧಾಂತ.) ತಿರುವು ದಾಟಿದೊಡನೆ ಕಣ್ಣು ತುಂಬಿಬಿಟ್ಟ ಆ ನೀಲಿ, ಬಂಡೆಗೆ ಬಡಿದು ಸಿಡಿಯುವ ನೊರೆ, ಕಿಟಕಿಯಿಂದ ಮುಖಕ್ಕೆ ರಾಚುವ ಉಪ್ಪುಗಾಳಿ! ಆಮೇಲೆ ಸ್ಕೂಲು ಶುರುವಾಯಿತು, ಮಗಳು ಹುಟ್ಟಿದಳು, ಮನೆಯಾಯಿತು, ಮಂಡಿನೋವೂ ಬಂತು. ಅಂಥ ಸುಖದ ದಿನಗಳು ಮಾತ್ರ ಮತ್ತೆ ಬರಲಿಲ್ಲ. ಮನಸ್ಸು ಕುಗ್ಗಿದಾಗಲೆಲ್ಲ ಮೇಷ್ಟ್ರು ಆ ಸಮುದ್ರವನ್ನು ಒಳಗಿನಿಂದ ತೆಗೆದು ನೋಡಿಕೊಳ್ಳುತ್ತಿದ್ದರು.

ತಡವೇಕೆ? ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿದರು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಬಟ್ಟೆಗೆ ಗುರುತು ಹಾಕುವ ಆಕೆಯ ಸೀಮೆಸುಣ್ಣದಿಂದಲೇ ಹಳೆಯ ದಾರಿಯನ್ನು ಗೀಚಿ, ಅದೇ ರಸ್ತೆ, ಅದೇ ವೈನ್ ಮನೆ, ಕೂದಲೆಳೆಯಷ್ಟೂ ಬದಲಿಲ್ಲ ಎಂದು ಘೋಷಿಸಿದರು. ಆಕೆ ನಕ್ಷೆಯನ್ನು ಪಕ್ಕಕ್ಕೆ ಸರಿಸಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದ ಕತ್ತರಿ ತೆಗೆದುಕೊಂಡು, "ನೀವು ಹೋಗ್ಬನ್ನಿ" ಎಂದಳು.

ಮೇಷ್ಟ್ರು ಜಗ್ಗಲಿಲ್ಲ. ಮರುದಿನ ಸಮುದ್ರವನ್ನು ವರ್ಣಿಸಿದರು. ಸ್ಕೂಲ್ ಯೂನಿಫಾರ್ಮಿನ ಆರ್ಡರು ಇದೆ ಎಂಬ ಉತ್ತರ ಬಂತು. ಅದರ ಮರುದಿನ ಕಾಡನ್ನು ವರ್ಣಿಸಿದರು. ಗಿಡಕ್ಕೆ ನೀರು ಹಾಕುವವರಾರು ಎಂದಳು. ದ್ರಾಕ್ಷಿ ತೋಟದ ವರ್ಣನೆಗೆ ಬಂದಾಗಲಂತೂ ಹೊಲಿಗೆ ಯಂತ್ರ ಎಷ್ಟು ಜೋರಾಗಿ ಓಡಿತೆಂದರೆ ಅರ್ಧ ತೋಟ ಅದರ ಸದ್ದಿನಲ್ಲೇ ಮುಳುಗಿತು.

ಮೇಷ್ಟ್ರಿಗೆ ಕೋಪ ಬಂತು. ಕೋಪ ಇಳಿದ ಮೇಲೆ ಸಂಕಟವಾಯಿತು. ಇಬ್ಬರದ್ದೆಂದು ಇಷ್ಟು ವರ್ಷ ಜೋಪಾನ ಮಾಡಿದ ನೆನಪು ತನ್ನೊಬ್ಬನದೇ ಏನು? ಆಕೆ ಬರದಿದ್ದರೆ ಆ ರಸ್ತೆಯಲ್ಲಿ ತನಗೇನು ಕೆಲಸ? ತಡೆಯಲಾರದೆ ಮಗಳಿಗೆ ಫೋನು ಮಾಡಿ, ನಿಮ್ಮಮ್ಮ ನನ್ನನ್ನೇ ಮರೆತಿದ್ದಾಳೆ ಎಂದು ದೂರಿದರು. ಮಗಳು ಪೂರ್ತಿ ಕೇಳಿಸಿಕೊಂಡು, ನೀವು ಇಷ್ಟು ದಿನ ಅಮ್ಮನಿಗೆ ಹೇಳಿದ್ದೇ ಹೇಳಿದ್ದು, ಒಂದು ಸಲ ಕೇಳಿಯೂ ನೋಡಿ ಎಂದಳು.

ಕೇಳುವುದು ಮೇಷ್ಟ್ರ ವೃತ್ತಿಧರ್ಮಕ್ಕೆ ವಿರುದ್ಧ. ಆದರೂ ಸಂಜೆ ಕಾಫಿ ಹಿಡಿದು ಕೂತಾಗ ಗಂಟಲು ಸರಿಮಾಡಿಕೊಂಡು ಕೇಳಿದರು.

"ಆ ಪ್ರವಾಸದ್ದು ನಿಂಗೇನು ನೆನಪಿದೆ?"

"ಗುಡ್ಡ."

"ಗುಡ್ಡನಾ?"

"ಮತ್ತೇನಿರುತ್ತೆ? ಸಮುದ್ರ ನೀವು ಕೂತಿದ್ದ ಕಡೆ ಇತ್ತು, ಗುಡ್ಡ ನನ್ನ ಕಡೆ ಇತ್ತು. ನಿಮ್ಮ ಕಡೆ ತಿರುಗಿದ್ರೆ ಸಾಕು, ಎಡಗಡೆ ನೋಡು, ಗಾಡಿ ಚರಂಡಿಗೆ ಹತ್ತಿರ ಆಯ್ತಾ ಹೇಳು ಅಂತಿದ್ರಿ. ದಾರಿಯುದ್ದಕ್ಕೂ ಮಣ್ಣು ನೋಡಿದೀನಿ ರೀ. ಮತ್ತೆ ಅದನ್ನೇ ನೋಡೋಕೆ ಅಷ್ಟು ದೂರ ಯಾಕೆ ಬರ್ಲಿ?"

ಮೇಷ್ಟ್ರ ಕಾಫಿ ಆರಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ, ತಾನು ಸಮುದ್ರವನ್ನು ಕಣ್ತುಂಬಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಹೊಸ ಮದುವಣಗಿತ್ತಿ ಚರಂಡಿ ಕಾಯುತ್ತಿದ್ದಳು. ಪಾಪ ಅನ್ನಿಸಿತು. ಎಷ್ಟು ಪಾಪ ಅನ್ನಿಸಿತೆಂದರೆ ಕೂದಲೆಳೆಯಷ್ಟೂ ಬದಲಿಲ್ಲ ಎಂಬ ತಮ್ಮ ಘೋಷಣೆಯನ್ನೇ ಬಲಿಕೊಡಲು ಸಿದ್ಧರಾದರು. ದಾರಿಯನ್ನೇ ತಿರುವುಮುರುವು ಮಾಡೋಣ, ಹೋಗುವಾಗ ಕಾಡು, ಬರುವಾಗ ಕಡಲು, ಆಗ ಸಮುದ್ರ ನಿನ್ನ ಕಿಟಕಿಗೇ ಬರುತ್ತದೆ ಎಂದು ಸೀಮೆಸುಣ್ಣ ಹುಡುಕತೊಡಗಿದರು.

"ದಾರಿ ಹಂಗೇ ಇರ್ಲಿ ಬಿಡಿ," ಎಂದಳು ಹೆಂಡತಿ. "ಸೀಟು ಬದಲಾಯಿಸ್ಕೊಳ್ಳೋಣ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರು ಓಡಿಸುವುದೆಂದರೆ ಹೊಲಿಗೆ ಯಂತ್ರ ತುಳಿದಂತೆ ಅಂದುಕೊಂಡೆಯಾ ಎಂದರು. ಆಕೆ ನಗಲಿಲ್ಲ. ತನಗೆ ಲೈಸೆನ್ಸ್ ಸಿಕ್ಕಿ ಎಷ್ಟೋ ವರ್ಷವಾಯಿತು, ಒಮ್ಮೆ ನವೀಕರಣವೂ ಆಗಿದೆ, ಮಗಳಿಗೆ ಗೊತ್ತು ಎಂದಳು. ಮೇಷ್ಟ್ರ ನಗು ಎರಡನೇ ಗೇರಿನಲ್ಲೇ ನಿಂತುಹೋಯಿತು.

ವಿಷಯ ಇಷ್ಟೆ. ಹೆಣ್ಣುಮಕ್ಕಳು ಕಲಿಯಲು ಬಂದರೆ ಜೊತೆಗೊಬ್ಬ ಹೆಂಗಸು ಇರಲಿ ಎಂದು ಅವರ ಮನೆಯವರು ಕೇಳುತ್ತಿದ್ದರು. ಮೇಷ್ಟ್ರು ಹೆಂಡತಿಯನ್ನೇ ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಆಕೆ ಗುಂಡಿ ಹೊಲಿಯುತ್ತ, ಕಾಜಾ ಹಾಕುತ್ತ ವರ್ಷಗಟ್ಟಲೆ ಪಾಠ ಕೇಳಿದ್ದಳು. ಬೈಗುಳ ಮುಂದಿನ ಸೀಟಿಗೆ, ವಿದ್ಯೆ ಹಿಂದಿನ ಸೀಟಿಗೆ. ತಮ್ಮನ ಕಾರಿನಲ್ಲಿ ಕೈ ಪಳಗಿಸಿಕೊಂಡು ಪರೀಕ್ಷೆ ಪಾಸು ಮಾಡಿದ್ದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಕ್ಕದಲ್ಲಿ ಕೂತು ಕಲಿಸ್ತಿದ್ರಲ್ಲ."

ಇಂಗು ತಿಂದ ಮಂಗನಂತೆ ಮೇಷ್ಟ್ರು ಎಡಗಡೆ ಹತ್ತಿ ಕೂತ ದಿನ ಯಾತ್ರೆ ಹೊರಟಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಆಕೆ ಕಾರನ್ನು ಗೇಟಿನಿಂದ ಹೊರಗೆ ತೆಗೆದಳು. ಮೇಷ್ಟ್ರು ತಪ್ಪು ಹುಡುಕಿದರು, ಸಿಗಲಿಲ್ಲ. ಅಭ್ಯಾಸಬಲದಿಂದ ಅವರ ಬಲಗಾಲು ಮಾತ್ರ ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮ್ಯಾಟನ್ನು ಸವೆಸಿತು.

ಕಡಲ ರಸ್ತೆಯ ಮೊದಲ ತಿರುವು ದಾಟಿತು. "ಅಬ್ಬಾ," ಎಂದಳು ಹೆಂಡತಿ, ಅಷ್ಟೇ. ವೇಗ ತಾನಾಗಿ ಇಳಿಯಿತು. ಮೇಷ್ಟ್ರು ಆಕೆಯ ಮುಖ ನೋಡಿದರು. ಇಷ್ಟು ವರ್ಷ ಒಟ್ಟಿಗಿದ್ದೂ ಈ ಮುಖವನ್ನು ನೋಡಿರಲಿಲ್ಲ, ಅದು ಅವರಿಗೆ ಆಗಲೇ ತಿಳಿದದ್ದು. ಎದೆ ತುಂಬಿ ಬಂತು. ಆಕೆಯ ಭುಜದಾಚೆಗೆ ತಾವೂ ಸ್ವಲ್ಪ ನೀಲಿ ಕಾಣೋಣವೆಂದು ಬಗ್ಗಿದರು.

"ಎಡಗಡೆ ನೋಡ್ರೀ," ಎಂದಳು ಆಕೆ. "ಚರಂಡಿ ಎಷ್ಟು ದೂರ ಇದೆ ಹೇಳ್ತಾ ಇರಿ."

ಮೇಷ್ಟ್ರು ಹೇಳುತ್ತ ಹೋದರು. ಕೆಂಪು ಮಣ್ಣು ಮುಗಿದರೆ ಕಪ್ಪು ಬಂಡೆ, ಬಂಡೆ ಮುಗಿದರೆ ಮತ್ತೆ ಮಣ್ಣು. ಗುಡ್ಡದಲ್ಲಿ ಇಷ್ಟೊಂದು ವೈವಿಧ್ಯವಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ವೈನ್ ಮನೆಯ ಜಗುಲಿಯಲ್ಲಿ ಕೂತರು. ಮುಂದೆ ದ್ರಾಕ್ಷಿ ಬಳ್ಳಿಗಳ ಸಾಲುಗಳು ಇಳಿಜಾರಿನುದ್ದಕ್ಕೂ ಹಳದಿ ಬಿಸಿಲಿನಲ್ಲಿದ್ದವು. ದಾರಿ ಹೇಗಿತ್ತು ಎಂದು ಮಾಲೀಕ ಕೇಳಿದ್ದೇ ತಡ, ಹೆಂಡತಿ ಸಮುದ್ರವನ್ನು ವರ್ಣಿಸತೊಡಗಿದಳು. ಆ ನೀಲಿ, ಆ ನೊರೆ, ಆ ಗಾಳಿ. ಮಾತಿಗಿಂತ ಆಕೆಯ ಕೈಗಳೇ ಹೆಚ್ಚು ಹೇಳುತ್ತಿದ್ದವು. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ. ತಮ್ಮ ಸಮುದ್ರ ಇನ್ನೊಬ್ಬರ ಬಾಯಲ್ಲಿ ಇನ್ನೂ ಚೆನ್ನಾಗಿದೆ ಅನ್ನಿಸಿತು.

ಮಾಲೀಕ ಒಳಗೆ ಹೋದ ಮೇಲೆ ಆಕೆ ಅವರ ಕೈ ಮುಟ್ಟಿ, "ಮುಂದಿನ ವರ್ಷ ನೀವಂದ ಹಾಗೆ ತಿರುಗಿಸಿ ಹೋಗೋಣ. ಆಗ ಸಮುದ್ರ ನಿಮ್ಮ ಕಡೆಗೇ ಬರುತ್ತೆ," ಎಂದಳು.

ಹೆಂಡತಿ ಎಂದರೆ ಇಂಥವಳಿರಬೇಕು ಎಂದುಕೊಂಡು ಮೇಷ್ಟ್ರು ತೃಪ್ತಿಯಿಂದ ವೈನು ಹೀರಿದರು. ಸಮುದ್ರ ಎಡಗಡೆ ಬಂದರೆ ತಾವೂ ಎಡಗಡೆಯೇ ಕೂತಿರಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದದ್ದು ಎರಡನೆಯ ಲೋಟ ಖಾಲಿಯಾದ ಮೇಲೆ.